ಆಫೀಸಿನ ಹಳೇ ನೆಟ್‌ವರ್ಕ್ ಸ್ವಿಚ್ ಮನೆಗೆ ತರಬಹುದಾ? ಏನೇನು ನೋಡಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಾಲ್ಕು ಕ್ಯಾಮೆರಾ, ಎರಡು ವೈಫೈ ಆಕ್ಸೆಸ್ ಪಾಯಿಂಟ್, ಒಂದು ನಾಸ್ (ಎಲ್ಲರ ಫೈಲ್ ಇಡುವ ನೆಟ್‌ವರ್ಕ್ ಡಿಸ್ಕ್), ಎರಡು ಕಂಪ್ಯೂಟರ್ ಇವೆ. ಈಗಿರುವ ಎಂಟು ಪೋರ್ಟಿನ ಸ್ವಿಚ್ ಸಾಲುತ್ತಿಲ್ಲ. ಕ್ಯಾಮೆರಾಗೆ ಒಂದೊಂದು ಅಡಾಪ್ಟರ್ ಸಿಕ್ಕಿಸಿ ಸಾಕಾಗಿದೆ, ಹಾಗಾಗಿ ಪಿಓಇ, ಅಂದರೆ ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡುವ ಸೌಲಭ್ಯ, ಬೇಕೇ ಬೇಕು. ಪರಿಚಯದವರೊಬ್ಬರು ಆಫೀಸು ಖಾಲಿ ಮಾಡುತ್ತಿದ್ದಾರೆ, ಅಲ್ಲಿ ಸಿಸ್ಕೊ ಕ್ಯಾಟಲಿಸ್ಟ್ 2960 ಸ್ವಿಚ್‌ಗಳು ಐದಾರು ಇವೆ, ಕೆಲವು 24 ಪೋರ್ಟ್, ಕೆಲವು 48. ಹೊಸದರ ಮುಂದೆ ಅವರು ಕೇಳುವ ದುಡ್ಡು ಏನೂ ಅಲ್ಲ. ಪಾಸ್‌ವರ್ಡ್ ಮಾತ್ರ ಯಾರಿಗೂ ನೆನಪಿಲ್ಲವಂತೆ. ನನಗೆ ವಿಲ್ಯಾನ್ (ಒಂದೇ ಸ್ವಿಚ್‌ನಲ್ಲಿ ಬೇರೆ ಬೇರೆ ನೆಟ್‌ವರ್ಕ್ ಮಾಡುವುದು) ಕಲಿಯುವ ಆಸೆಯೂ ಇದೆ, ಕ್ಯಾಮೆರಾಗಳು ಇಂಟರ್ನೆಟ್ ಕಡೆ ಹೋಗದ ಹಾಗೆ ಬೇರೆ ಇಡಬೇಕು. ತರಲಾ, ಬೇಡವಾ?

ಉತ್ತರ 1

ತನ್ನಿ, ಆದರೆ 2960 ಅನ್ನೋ ಹೆಸರು ನೋಡಿ ತರಬೇಡಿ. ಆ ಹೆಸರಿನ ನಂತರ ಬರುವ ಅಕ್ಷರ ನೋಡಿ. ಸುಮ್ನೆ 2960 ಅಂತ ಇದ್ದು ಮುಂದೆ 24ಟಿಟಿ ಅಂತ ಇದ್ದರೆ ಅದರ 24 ಪೋರ್ಟೂ 100 ಎಂಬಿಪಿಎಸ್, ಗಿಗಾಬಿಟ್ (1000 ಎಂಬಿಪಿಎಸ್) ಇರುವುದು ಪಕ್ಕದ ಎರಡು ಅಪ್‌ಲಿಂಕ್‌ಗೆ, ಅಂದರೆ ಬೇರೆ ಸ್ವಿಚ್ ಅಥವಾ ರೂಟರ್‌ಗೆ ಜೋಡಿಸುವ ಪೋರ್ಟಿಗೆ ಮಾತ್ರ. ನಾಸ್‌ಗೆ ಫೈಲ್ ಹಾಕುವಾಗ ಸೆಕೆಂಡಿಗೆ ಹನ್ನೊಂದು ಎಂಬಿ ದಾಟುವುದು ಕಷ್ಟ. 2960ಜಿ, 2960ಎಸ್, 2960ಎಕ್ಸ್ ಇವೆಲ್ಲ ಗಿಗಾಬಿಟ್. 2960ಎಸ್‌ಎಫ್ ಅಂತ ಒಂದಿದೆ, ಅದು ಮತ್ತೆ 100, ಮೋಸ ಹೋಗಬೇಡಿ. ಎಸ್ ಮತ್ತು ಎಕ್ಸ್‌ನಲ್ಲಿ ಪೋರ್ಟ್ ಸಂಖ್ಯೆಯ ಮುಂದೆ ಪಿ ಇದ್ದರೆ ಪಿಓಇ ಇದೆ, ಬರೀ ಟಿ ಇದ್ದರೆ ಇಲ್ಲ.

ಇನ್ನು 48 ಪೋರ್ಟಿನ ಆಸೆ ಬಿಡಿ. ನಿಮ್ಮ ಹತ್ತಿರ ಇರುವುದು ಒಂಬತ್ತು ಸಾಧನ, ಅಲ್ವಾ? ನಾನು ಮೊದಲು ತಂದದ್ದು 48ರದ್ದೇ, ಮಲಗುವ ಕೋಣೆಯ ಪಕ್ಕದ ರೂಮಿನಲ್ಲಿಟ್ಟೆ, ಬಾಗಿಲು ಹಾಕಿದರೂ ರಾತ್ರಿಯಿಡೀ ಅದರ ಸದ್ದೇ ಕೇಳುತ್ತಿತ್ತು, ಮೂರು ವಾರಕ್ಕೆ ಮನೆಯವರೆಲ್ಲ ಸೇರಿ ಅದನ್ನು ಹೊರಗೆ ಕಳಿಸಿದರು. ರ್‍ಯಾಕ್ ಸ್ವಿಚ್‌ನ ಎತ್ತರ ನಾಲ್ಕೂವರೆ ಸೆಂಟಿಮೀಟರ್ ಕೂಡ ಇರುವುದಿಲ್ಲ, ಒಳಗೆ ಹಿಡಿಸುವುದು 40 ಮಿಲಿಮೀಟರಿನ ಪುಟ್ಟ ಫ್ಯಾನ್. ಅಷ್ಟು ಚಿಕ್ಕ ಫ್ಯಾನ್ ಸಾಕಷ್ಟು ಗಾಳಿ ತಳ್ಳಬೇಕಾದರೆ ಜೋರಾಗಿ ತಿರುಗಲೇಬೇಕು. ಅದಕ್ಕೇ ಆ ಕೀರಲು ಸದ್ದು. ಹಾಕಿದ ತಕ್ಷಣದ ಸದ್ದು ಕೇಳಿ ಹೆದರಬೇಡಿ, ಪೂರ್ತಿ ಬೂಟ್ ಆಗಿ ಒಂದು ಕಾಲು ಗಂಟೆ ಆದ ಮೇಲೆ ಪಕ್ಕದಲ್ಲಿ ಕೂತು ಕೇಳಿ. ಹಾಲ್‌ನಲ್ಲೇ ಇಡಬೇಕು ಅಂದರೆ ಫ್ಯಾನೇ ಇಲ್ಲದ 3560ಸಿಎಕ್ಸ್ ಥರದ ಚಿಕ್ಕ ಮಾದರಿ ಹುಡುಕುವುದು ಒಳ್ಳೆಯದು.

ಕರೆಂಟೂ ಲೆಕ್ಕ ಹಾಕಿ. ಪಿಓಇ 370 ವಾಟ್ ಅಂತ ಬರೆದಿದ್ದರೆ ಅದು ಕೊಡಬಲ್ಲ ಗರಿಷ್ಠ, ಯಾವಾಗಲೂ ಅಷ್ಟೇ ಎಳೆಯುವುದಿಲ್ಲ. ಆದರೆ ಎಲ್ಲ ಸೇರಿ 60 ವಾಟ್ ಎಳೆದರೂ ಹಗಲೂ ರಾತ್ರಿ ಓಡುವ ಸಾಧನ ಇದು, ದಿನಕ್ಕೆ ಸುಮಾರು ಒಂದೂವರೆ ಯೂನಿಟ್, ತಿಂಗಳಿಗೆ 43. ಅಗ್ಗಕ್ಕೆ ಸಿಕ್ಕಿತು ಅನ್ನುವ ಮೊದಲು ಇದನ್ನು ವರ್ಷಕ್ಕೆ ಗುಣಿಸಿ ನೋಡಿ.

ಉತ್ತರ 2

ಪಾಸ್‌ವರ್ಡ್ ಇಲ್ಲ ಅಂತ ಚಿಂತೆ ಬೇಡ. ಸ್ವಿಚ್ ನಿಮ್ಮ ಕೈಯಲ್ಲಿದ್ದರೆ ಒಳಗೆ ಹೋಗುವ ದಾರಿ ಇದೆ. ಸ್ವಿಚ್‌ಗೆ ನೇರವಾಗಿ ಕಮಾಂಡ್ ಕೊಡಲು ಒಂದು ಕನ್ಸೋಲ್ ಕೇಬಲ್, ಯುಎಸ್‌ಬಿ ಸೀರಿಯಲ್ ಅಡಾಪ್ಟರ್, ಪುಟ್ಟಿ ಅನ್ನೋ ಸಾಫ್ಟ್‌ವೇರ್ ಇರುವ ಲ್ಯಾಪ್‌ಟಾಪ್ ಸಾಕು. ವೇಗ 9600, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1. ಪವರ್ ತೆಗೆದು, ಮುಂದಿನ ಮೋಡ್ ಗುಂಡಿ ಒತ್ತಿ ಹಿಡಿದುಕೊಂಡೇ ಪವರ್ ಕೊಡಿ, ಪರದೆಯ ಮೇಲೆ 'ಸ್ವಿಚ್' ಅನ್ನೋ ಪ್ರಾಂಪ್ಟ್ ಬರುತ್ತದೆ. ಅಲ್ಲಿ ಮೊದಲು ಫ್ಲ್ಯಾಶ್ ಇನಿಟ್ ಕಮಾಂಡ್ ಕೊಟ್ಟು, ಕಾನ್ಫಿಗ್ ಡಾಟ್ ಟೆಕ್ಸ್ಟ್ ಮತ್ತು ವಿಲ್ಯಾನ್ ಡಾಟ್ ಡ್ಯಾಟ್ ಎರಡನ್ನೂ ಅಳಿಸಿ, ಬೂಟ್ ಮಾಡಿ. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ, ಆಮೇಲೆ ಹಳೇ ಆಫೀಸಿನ ವಿಲ್ಯಾನ್‌ಗಳೆಲ್ಲ ಹಾಗೇ ಉಳಿದಿರುತ್ತವೆ.

ದಯವಿಟ್ಟು ಇಡೀ ಫ್ಲ್ಯಾಶ್ (ಸ್ವಿಚ್‌ನ ಒಳಗಿನ ಮೆಮೊರಿ) ಮಾತ್ರ ಫಾರ್ಮ್ಯಾಟ್ ಮಾಡಬೇಡಿ. ಸ್ವಿಚ್ ಓಡಿಸುವ ಸಾಫ್ಟ್‌ವೇರ್ ಐಓಎಸ್ ಇರುವುದೂ ಅಲ್ಲೇ. ಅದು ಹೋದರೆ ಕನ್ಸೋಲ್ ಮೂಲಕ ಎಕ್ಸ್‌ಮೋಡೆಮ್ ಅನ್ನೋ ಹಳೇ ಫೈಲ್ ಕಳಿಸುವ ವಿಧಾನದಲ್ಲಿ ಹಾಕಬೇಕು, 9600 ವೇಗದಲ್ಲಿ ಹತ್ತು ಎಂಬಿಗೇ ಸುಮಾರು ಮೂರು ಗಂಟೆ.

ಆದರೆ ಈ ಕೆಲಸವನ್ನೆಲ್ಲ ದುಡ್ಡು ಕೊಡುವ ಮೊದಲು ಅಲ್ಲೇ ಕೂತು ಮಾಡಿ. ಹಾಗೇ ಎಲ್ಲ ಪೋರ್ಟಿಗೂ ಒಂದೊಂದು ಸಲ ಕೇಬಲ್ ಹಾಕಿ ನೋಡಿ, ಒಂದು ಕ್ಯಾಮೆರಾ ಒಯ್ದು ಪಿಓಇ ಬರುತ್ತದಾ ನೋಡಿ. ಅಲ್ಲಿ ಮೆರಾಕಿ (ಸಿಸ್ಕೊದ್ದೇ, ಆನ್‌ಲೈನ್ ಖಾತೆಯಿಂದ ನಡೆಸುವ) ಸ್ವಿಚ್ ಕಂಡರೆ, ಹಳೇ ಮಾಲೀಕರು ತಮ್ಮ ಖಾತೆಯಿಂದ ಅದನ್ನು ಬಿಡಿಸಿ ಕೊಡುವವರೆಗೆ ಮುಟ್ಟಬೇಡಿ, ಅದಕ್ಕೆ ಲೈಸೆನ್ಸ್ ಬೇರೆ ಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. 24 ಪೋರ್ಟಿನ 2960ಎಕ್ಸ್ ತಂದೆ, ಪಿಓಇ ಇರುವುದು. ಮೆಟ್ಟಿಲ ಕೆಳಗಿನ ಜಾಗದಲ್ಲಿಟ್ಟಿದ್ದೇನೆ, ಸದ್ದು ತೊಂದರೆ ಕೊಡುತ್ತಿಲ್ಲ. ಈಗ ಒಂದು ಸಮಸ್ಯೆ. ಕಂಪ್ಯೂಟರ್ ಆನ್ ಮಾಡಿದಾಗ ಐಪಿ ವಿಳಾಸ ಸಿಗುವುದು ತುಂಬಾ ತಡ, ಕೆಲವೊಮ್ಮೆ ಸಿಗುವುದೇ ಇಲ್ಲ. ಹಳೇ ಚಿಕ್ಕ ಸ್ವಿಚ್‌ನಲ್ಲಿ ಹೀಗಿರಲಿಲ್ಲ. ಪೋರ್ಟ್ ಹಾಳಾಗಿದೆಯಾ?

ಉತ್ತರ 3

ಹಾಳಾಗಿಲ್ಲ, ಅದು ಸ್ಪ್ಯಾನಿಂಗ್ ಟ್ರೀ. ಕೇಬಲ್ ಸುತ್ತಿ ಬಂದು ಲೂಪ್ ಆಗಿದೆಯಾ ಅಂತ ಪೋರ್ಟ್ ಮೊದಲು 15 ಸೆಕೆಂಡ್ ಕೇಳಿಸಿಕೊಳ್ಳುತ್ತದೆ, ಮತ್ತೆ 15 ಸೆಕೆಂಡ್ ಕಲಿಯುತ್ತದೆ, ಆಮೇಲೇ ಡೇಟಾ ಬಿಡುವುದು. ಅಷ್ಟರಲ್ಲಿ ನಿಮ್ಮ ಕಂಪ್ಯೂಟರ್ ಡಿಎಚ್‌ಸಿಪಿಯಲ್ಲಿ ಐಪಿ ವಿಳಾಸ ಕೇಳಿ ಕೇಳಿ ಕೈಬಿಟ್ಟಿರುತ್ತದೆ. ಕಂಪ್ಯೂಟರ್, ಕ್ಯಾಮೆರಾ, ನಾಸ್ ಇರುವ ಪೋರ್ಟುಗಳಿಗೆ ಈ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಿ, ಜೊತೆಗೆ ಬಿಪಿಡಿಯು ಗಾರ್ಡ್ ಕೂಡ, ತಪ್ಪಿ ಅಲ್ಲಿ ಸ್ವಿಚ್ ಸಿಕ್ಕಿಸಿದರೆ ಅದು ಪೋರ್ಟ್ ಮುಚ್ಚುತ್ತದೆ. ಇನ್ನೊಂದು ಸ್ವಿಚ್‌ಗೆ ಹೋಗುವ ಪೋರ್ಟಿಗೆ ಮಾತ್ರ ಹಾಕಬೇಡಿ.

ಕ್ಯಾಮೆರಾ ಬೇರೆ ಮಾಡುವ ಬಗ್ಗೆ: ಸ್ವಿಚ್ ಅವುಗಳನ್ನು ಬೇರೆ ವಿಲ್ಯಾನ್‌ಗೆ ಹಾಕುತ್ತದೆ ಅಷ್ಟೇ, ಇಂಟರ್ನೆಟ್‌ಗೆ ಬಿಡಬೇಕಾ ಬೇಡವಾ ಅಂತ ತಡೆಯುವುದು ರೂಟರ್ ಕೆಲಸ. ನಿಮ್ಮ ರೂಟರ್‌ಗೆ ವಿಲ್ಯಾನ್ ಟ್ಯಾಗ್ ಅರ್ಥ ಆಗುತ್ತದಾ ಮೊದಲು ನೋಡಿ. ಅರ್ಥ ಆಗುತ್ತದೆ ಅಂದರೆ, ರೂಟರ್‌ಗೆ ಹೋಗುವ ಸ್ವಿಚ್ ಪೋರ್ಟನ್ನು ಟ್ರಂಕ್ (ಹಲವು ವಿಲ್ಯಾನ್ ಒಂದೇ ಕೇಬಲ್‌ನಲ್ಲಿ ಟ್ಯಾಗ್ ಹಾಕಿ ಕಳಿಸುವ ಪೋರ್ಟ್) ಮಾಡಿ.

ದೂರದಿಂದ ಬದಲಾವಣೆ ಮಾಡುವಾಗ ಮೊದಲು 'ರೀಲೋಡ್ ಇನ್ 10' ಅಂತ ಕೊಡಿ. ತಪ್ಪಾಗಿ ನಿಮ್ಮ ಸಂಪರ್ಕವೇ ಕಡಿದು ಹೋದರೆ ಹತ್ತು ನಿಮಿಷಕ್ಕೆ ಅದೇ ರೀಸ್ಟಾರ್ಟ್ ಆಗಿ ಹಳೇ ಸೆಟ್ಟಿಂಗ್‌ಗೆ ಬರುತ್ತದೆ. ಸರಿ ಇದೆ ಅಂತ ಖಾತ್ರಿಯಾದ ಮೇಲೆ ರೀಲೋಡ್ ಕ್ಯಾನ್ಸಲ್ ಮಾಡಿ ಸೇವ್ ಮಾಡಿ. 'ನೋ ವಿಸ್ಟ್ಯಾಕ್' ಕೂಡ ಕೊಡಿ, ಸ್ಮಾರ್ಟ್ ಇನ್‌ಸ್ಟಾಲ್ ಅನ್ನೋ ಸೌಲಭ್ಯದಲ್ಲಿ 2018ರಲ್ಲಿ ದೊಡ್ಡ ದೋಷವೇ ಹೊರಬಂದಿತ್ತು, ಮನೆಯಲ್ಲಿ ಅದರಿಂದ ಏನೂ ಉಪಯೋಗ ಇಲ್ಲ.

ಪ್ರಶ್ನೆ ಕೇಳಿದವರು

ಪೋರ್ಟ್‌ಫಾಸ್ಟ್ ಹಾಕಿದ ತಕ್ಷಣ ಸರಿಹೋಯಿತು! ಕ್ಯಾಮೆರಾ ನಾಲ್ಕೂ ವಿಲ್ಯಾನ್ 20ರಲ್ಲಿವೆ, ಅಡಾಪ್ಟರ್‌ಗಳನ್ನೆಲ್ಲ ಬಿಚ್ಚಿಟ್ಟೆ. ನಿನ್ನೆ ರಾತ್ರಿ ಟ್ರಂಕ್ ಮಾಡುವಾಗ ಸಂಪರ್ಕ ಕಡಿದೇ ಹೋಯಿತು, ನೀವು ಹೇಳಿದ ರೀಲೋಡ್ ಕೊಟ್ಟಿದ್ದರಿಂದ ಗಡಿಯಾರ ನೋಡುತ್ತಾ ಕೂತೆ, ಸ್ವಿಚ್ ವಾಪಸ್ ಬಂತು. ಎರಡನೇ ಸಲ ಸರಿಯಾಗಿ ಆಯಿತು.