ಅಪ್‌ಡೇಟ್: ಗುರಿ ಎಸೆತಕ್ಕೆ ಚೆಂಡು ಬಿಟ್ಟು ಕಾಳಿನ ಚೀಲ

ಮಂಡ್ಯದ ನಮ್ಮ ಶಾಲೆಯ 2, 3ನೇ ತರಗತಿ ಮಕ್ಕಳಿಗೆ ಗುರಿ ಎಸೆತ ಕಲಿಸುವಾಗ ಚೆಂಡು ಉರುಳಿ, ಪೀರಿಯಡ್ಡೆಲ್ಲ ಹೆಕ್ಕುವುದರಲ್ಲೇ ಮುಗಿಯುತ್ತೆ ಅಂತ ಕೇಳಿದ್ದೆ. ಕಾಳಿನ ಚೀಲ ಬಳಸಿ ಅಂದಿದ್ರಿ. ಸಮಸ್ಯೆ ಬಗೆಹರೀತು.

ಹಳೇ ಯೂನಿಫಾರಂ ಬಟ್ಟೆ, ಅಂಗೈ ಅಗಲದ ಚೀಲ, ಒಳಗೆ ಸುಮಾರು 100 ಗ್ರಾಂ ಹುಣಸೆಬೀಜ. ಮುಕ್ಕಾಲು ಭಾಗ ಮಾತ್ರ ತುಂಬಿ. ಗಟ್ಟಿಯಾಗಿ ತುಂಬಿದರೆ ಬಿದ್ದಲ್ಲಿ ನಿಲ್ಲದೆ ಜಾರುತ್ತೆ. ರಾಗಿ ಬೇಡ, ಹೊಲಿಗೆ ಸಂದಿಯಲ್ಲಿ ಸೋರುತ್ತೆ. ಗುರಿಗೆ ಒಂದರೊಳಗೊಂದು ಮೂರು ವೃತ್ತ, ಒಳಗಿನದಕ್ಕೆ 3 ಅಂಕ. ಗೆರೆಗೆ ರಂಗೋಲಿ ಪುಡಿಯೇ ಸರಿ, ಸುಣ್ಣ ಕಣ್ಣಿಗೆ ಬಿದ್ದರೆ ಕಷ್ಟ. 2 ಮೀಟರ್‌ನಿಂದ ಶುರು. ಮೂರು ಎಸೆತದಲ್ಲಿ ಎರಡು ಒಳಗೆ ಬಿದ್ದರೆ ಅರ್ಧ ಮೀಟರ್ ಹಿಂದಕ್ಕೆ.

ಗುರಿ ತಪ್ಪೋದು ಹೆಚ್ಚಾಗಿ ಕಾಲಿನಿಂದ, ಕೈಯಿಂದಲ್ಲ. ಬಲಗೈಯಲ್ಲಿ ಎಸೆಯೋರು ಬಲಗಾಲನ್ನೇ ಮುಂದಿಡ್ತಾರೆ, ಮೈ ತಿರುಗಲ್ಲ. ಗೆರೆ ಹತ್ತಿರ ಎಡಹೆಜ್ಜೆಯ ಗುರುತು ಬರೆದರೆ ಸಾಕು, ಭಾಷಣ ಬೇಡ. ಕೆಳಗಿನಿಂದ ಎಸೆಯುವಾಗ ಬೇಗ ಬಿಟ್ಟರೆ ಚೀಲ ಕಾಲ ಬುಡದಲ್ಲೇ ಬೀಳುತ್ತೆ, ತಡವಾದರೆ ತಲೆ ಮೇಲಕ್ಕೆ ಹಾರುತ್ತೆ. ಎಸೆದ ಮೇಲೂ ಕೈ ಗುರಿಯನ್ನೇ ತೋರಿಸುತ್ತಿರಬೇಕು.

ಸಾಲಿಗೆ ನಾಲ್ಕೇ ಮಕ್ಕಳು. ಎಲ್ಲರೂ ಎಸೆದು ವಿಷಲ್ ಆದ ಮೇಲಷ್ಟೇ ಹೆಕ್ಕೋದು. ಇದರಲ್ಲಿ ರಿಯಾಯಿತಿ ಇಲ್ಲ. ಮುಂದೆ ಇದೇ ಚೀಲದಲ್ಲಿ ಲಗೋರಿ, ಮೊದಲು ಮೂರು ಬಿಲ್ಲೆ ಇಟ್ಟು.