ಓದುಗರ ಸ್ಪಂದನ: ಇಡೀ ಆಫೀಸಿಗೆ ಒಂದೇ ಬಗೆಯ ಡೆಸ್ಕ್‌ಟಾಪ್ ಸಾಕೇ?

ಬೆಳಗಾವಿಯ ಪಂಪ್ ತಯಾರಿಕಾ ಘಟಕವೊಂದರಲ್ಲಿ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಓದುಗರೊಬ್ಬರು ಕಳೆದ ಬಾರಿ ತಮ್ಮ ಸಂಕಟ ಹೇಳಿಕೊಂಡಿದ್ದರು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅವರ ಆಫೀಸಿನ ಹಳೆಯ ಕಂಪ್ಯೂಟರುಗಳು ವಿಂಡೋಸ್ 11 ಹೊರುವ ಸ್ಥಿತಿಯಲ್ಲಿಲ್ಲ. ಒಂದು ದೊಡ್ಡ ಸರ್ವರ್ ತಂದು, ಲೆಕ್ಕಪತ್ರ, ಡಿಸೈನ್, ಊರೂರು ತಿರುಗುವ ಮಾರಾಟದವರು, ತಯಾರಿಕೆ ನಡೆಯುವ ಶಾಪ್ ಫ್ಲೋರ್ ಎಲ್ಲರಿಗೂ ಒಂದೇ ಬಗೆಯ, ಸರ್ವರ್‌ನಲ್ಲೇ ಓಡಿ ಮೇಜಿನ ಪರದೆಯಲ್ಲಿ ಮಾತ್ರ ಕಾಣುವ ವರ್ಚುವಲ್ ಡೆಸ್ಕ್‌ಟಾಪ್ ಕೊಟ್ಟುಬಿಡೋಣ ಎಂದು ಮಾರಾಟಗಾರರು ಹೇಳಿದ್ದಾರೆ, ಮಾಲೀಕರು ಒಪ್ಪಿದ್ದಾರೆ. ‘ನಾನು ಹೂಂ ಅನ್ನಲೇ, ಬೇಡ ಅನ್ನಲೇ?’ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಬರೆದವರ ಹೆಸರು ಬಿಟ್ಟಿದ್ದೇವೆ.

ಧಾರವಾಡದಿಂದ

ಮಾಲೀಕರು ಏನಂದರು, ಮಾರಾಟಗಾರ ಏನಂದ ಎಂದು ಉದ್ದಕ್ಕೆ ಬರೆದಿದ್ದೀರಿ. ಆ ಕಂಪ್ಯೂಟರ್ ಮುಂದೆ ದಿನವಿಡೀ ಕೂರುವವರು ಏನಂದರು ಎಂಬುದು ಒಂದು ಸಾಲೂ ಇಲ್ಲ. ಮೊದಲು ಅವರ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ. ಆಮೇಲೆ ಸಲಹೆ ಕೇಳಿ.

*ಮಾತು ಖಾರವಾಗಿದೆ. ಆದರೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹಿಡಿದದ್ದು ಇದೇ ದಾರಿ. ಬೆಂಗಳೂರಿನ ಓದುಗರೊಬ್ಬರು ತಂತ್ರಜ್ಞಾನದ ಕಡೆಯಿಂದ ಬಿಡಿಸಿ ಹೇಳಿದ್ದಾರೆ.*

ಬೆಂಗಳೂರಿನಿಂದ, ಡೇಟಾ ಸೆಂಟರ್ ಎಂಜಿನಿಯರ್

ವರ್ಚುವಲ್ ಡೆಸ್ಕ್‌ಟಾಪ್ ಎಂದರೆ ಒಂದೇ ವಸ್ತು ಎಂದು ಮಾರುವವರು ಹೇಳುತ್ತಾರೆ. ಅದರಲ್ಲಿ ಕನಿಷ್ಠ ಮೂರು ಬೇರೆ ಬೇರೆ ಸಂಗತಿಗಳಿವೆ.

ಒಂದು, ಸೆಷನ್ ಹೋಸ್ಟ್. ಒಂದೇ ವಿಂಡೋಸ್ ಸರ್ವರ್‌ಗೆ ಹಲವರು ಲಾಗಿನ್ ಆಗುತ್ತಾರೆ. 1998ರಲ್ಲಿ ವಿಂಡೋಸ್ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಆವೃತ್ತಿ ಬಂದಾಗಿನಿಂದ ಇರುವ ಪದ್ಧತಿ ಇದು. ನಮ್ಮ ವಠಾರದ ಹಾಗೆ: ಕೋಣೆ ಬೇರೆ ಬೇರೆ, ನಲ್ಲಿ ಮಾತ್ರ ಒಂದೇ. ಖರ್ಚು ಕಡಿಮೆ. ಆದರೆ ಯಾರಾದರೂ ಒಬ್ಬರು ಭಾರೀ ಎಕ್ಸೆಲ್ ಮ್ಯಾಕ್ರೋ ಓಡಿಸಿದರೆ ಉಳಿದವರ ಕೆಲಸವೂ ಕುಂಟುತ್ತದೆ. ಎರಡು, ವಿಡಿಐ. ಇದರಲ್ಲಿ ಪ್ರತಿಯೊಬ್ಬರಿಗೂ ಸರ್ವರ್‌ನೊಳಗೆ ತಮ್ಮದೇ ವರ್ಚುವಲ್ ಮಶೀನ್, ತಮ್ಮದೇ ವಿಂಡೋಸ್. ಒಬ್ಬರ ಗಲಾಟೆ ಇನ್ನೊಬ್ಬರನ್ನು ಅಷ್ಟಾಗಿ ತಟ್ಟುವುದಿಲ್ಲ, ಆದರೆ ತಲೆಗೆ 4ರಿಂದ 8 ಜಿಬಿ ಮೆಮೊರಿ ಎತ್ತಿಡಬೇಕು, ಸರ್ವರ್ ಅಷ್ಟೇ ದಪ್ಪವಾಗುತ್ತದೆ. ಮೂರು, ಇಡೀ ಡೆಸ್ಕ್‌ಟಾಪ್ ಕೊಡದೆ ಒಂದು ಅಪ್ಲಿಕೇಶನ್ನನ್ನು ಮಾತ್ರ ಕೊಡುವುದು. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯ ಕಿಟಕಿಯಷ್ಟೇ ಅವರ ಪರದೆಯಲ್ಲಿ ತೆರೆಯುತ್ತದೆ, ಓಡುವುದು ಸರ್ವರ್‌ನಲ್ಲಿ.

ನಿಮ್ಮ ಲೆಕ್ಕಪತ್ರದವರಿಗೆ, ಆರ್ಡರ್ ತೆಗೆದುಕೊಳ್ಳುವವರಿಗೆ ಸೆಷನ್ ಹೋಸ್ಟ್ ಧಾರಾಳ ಸಾಕು. ಅವರಿಗೆ ವಿಡಿಐ ಕೊಡಿಸುವುದು ದುಡ್ಡು ಸುರಿದಂತೆ. ಡಿಸೈನ್ ವಿಭಾಗದ ಮಾತೇ ಬೇರೆ. ಪಂಪಿನೊಳಗೆ ತಿರುಗುವ ಇಂಪೆಲ್ಲರ್‌ನ ಮೂರು ಆಯಾಮದ ಮಾದರಿಯನ್ನು ಮೌಸ್‌ನಲ್ಲಿ ತಿರುಗಿಸುವವರಿಗೆ ಚಿತ್ರ ಮೂಡಿಸುವ ಚಿಪ್, ಅಂದರೆ ಜಿಪಿಯು, ಬೇಕೇ ಬೇಕು. ಸರ್ವರ್‌ನ ಜಿಪಿಯುವನ್ನು ಹಲವರಿಗೆ ಹಂಚುವ ತಂತ್ರ ಇದೆ, ಎನ್‌ವಿಡಿಯಾದ ವಿಜಿಪಿಯು ಅಂಥದ್ದು. ಆದರೆ ಕಾರ್ಡಿಗೂ ಬೆಲೆ, ಅದರ ತಂತ್ರಾಂಶ ಲೈಸೆನ್ಸಿಗೂ ಬೆಲೆ. ಡಿಸೈನರ್‌ಗಳು ಬೆರಳೆಣಿಕೆಯಷ್ಟೇ ಇದ್ದರೆ ಅವರ ಮೇಜಿನ ಕೆಳಗೆ ಒಳ್ಳೆಯ ವರ್ಕ್‌ಸ್ಟೇಷನ್ ಇಡಿ. ಮನೆಯಿಂದ ಕೆಲಸ ಮಾಡುವ ದಿನ ಅದಕ್ಕೇ ರಿಮೋಟ್ ಆಗಲಿ. ವರ್ಚುವಲೈಸೇಶನ್ ಬೇಡ ಎಂದು ಹೇಳುವುದೂ ಈ ಕೆಲಸದಲ್ಲಿ ಒಂದು ಆಯ್ಕೆಯೇ.

ಮಾರಾಟಗಾರ ಕೊಟ್ಟ ಕೊಟೇಶನ್‌ನಲ್ಲಿ ಯಾವ ಉತ್ಪನ್ನವಿದೆ ಎಂದೂ ನೋಡಿ. 2023ರ ನವೆಂಬರ್‌ನಲ್ಲಿ ವರ್ಚುವಲ್ ಮಶೀನ್ ತಂತ್ರಾಂಶದ ಕಂಪನಿ ವಿಎಂವೇರ್ ಬ್ರಾಡ್‌ಕಾಮ್ ಪಾಲಾಯಿತು, ಒಮ್ಮೆ ಕೊಂಡರೆ ಶಾಶ್ವತ ಎನ್ನುವ ಲೈಸೆನ್ಸ್ ಮಾರಾಟ ನಿಂತಿತು. ಅದರ ವಿಡಿಐ ಉತ್ಪನ್ನ ಹೊರೈಜನ್ 2024ರಲ್ಲಿ ಬೇರೆ ಕೈ ಸೇರಿ ಈಗ ಓಮ್ನಿಸಾ ಹೆಸರಿನಲ್ಲಿದೆ. ಹಳೆಯ ದರಪಟ್ಟಿ ಇಟ್ಟುಕೊಂಡು ಐದು ವರ್ಷದ ಲೆಕ್ಕ ಹಾಕಬೇಡಿ.

*ಮುಂದಿನ ಪತ್ರ ನಮಗೆ ಬಂದವುಗಳಲ್ಲೇ ಉದ್ದದ್ದು. ಕೇಳಿದ ಪ್ರಶ್ನೆಗೆ ಇದು ನೇರ ಉತ್ತರವಲ್ಲ. ಆದರೂ ಕತ್ತರಿ ಹಾಕಲು ಮನಸ್ಸು ಬರಲಿಲ್ಲ.*

ತುಮಕೂರಿನಿಂದ, ಕನ್ನಡ ಟೈಪಿಸ್ಟ್

ನಿಮ್ಮ ಪತ್ರ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಾನು ಸರ್ವರ್ ಬಲ್ಲವಳಲ್ಲ. ಖಾಸಗಿ ಸಂಸ್ಥೆಯೊಂದರಲ್ಲಿ ಕನ್ನಡ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೆ. ನಿಮ್ಮಲ್ಲಿ ಈಗ ಆಗಲಿರುವುದು ನಮ್ಮಲ್ಲಿ ಆಗಿಹೋಗಿದೆ.

ಒಂದು ಸೋಮವಾರ ಬಂದಾಗ ನನ್ನ ಸಿಪಿಯು ಜಾಗದಲ್ಲಿ ಅಂಗೈ ಅಗಲದ ಪೆಟ್ಟಿಗೆ ಇತ್ತು. ಎಲ್ಲರಿಗೂ ಅದೇ. ಒಂಬತ್ತೂವರೆಗೆ ಇಡೀ ಆಫೀಸು ಒಟ್ಟಿಗೆ ಲಾಗಿನ್ ಆಗುತ್ತಿತ್ತು, ಪರದೆಯ ಮೇಲೆ ಚುಕ್ಕೆಗಳು ಸುತ್ತುತ್ತಲೇ ಇರುತ್ತಿದ್ದವು. ಅದನ್ನು ಲಾಗಿನ್ ಸ್ಟಾರ್ಮ್ ಎನ್ನುತ್ತಾರಂತೆ. ಅದನ್ನು ಸಹಿಸಿಕೊಂಡೆವು, ಕಾಫಿ ಕುಡಿದು ಬರುತ್ತಿದ್ದೆವು.

ಸಹಿಸಲಾಗದ್ದು ಬೇರೆ. ಸಂಜೆ ಲಾಗ್ ಆಫ್ ಆದ ಕೂಡಲೇ ನಾನು ಮಾಡಿಕೊಂಡದ್ದೆಲ್ಲ ಅಳಿಸಿಹೋಗುತ್ತಿತ್ತು. ನಾನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವವಳು. ವರ್ಡ್‌ನಲ್ಲಿ ವರ್ಷಗಳಿಂದ ಕೂಡಿಟ್ಟ ಪದಗಳಿದ್ದವು. ಊರಿನ ಹೆಸರು, ಗ್ರಾಹಕರ ಹೆಸರು, ಕಾನೂನಿನ ಉದ್ದುದ್ದ ಪದಗಳು, ಎರಡಕ್ಷರ ಹೊಡೆದರೆ ಪೂರ್ತಿ ಬರುವ ಹಾಗೆ ಮಾಡಿಟ್ಟುಕೊಂಡಿದ್ದೆ. ಮರುದಿನ ಬಂದರೆ ಒಂದೂ ಇಲ್ಲ. ನುಡಿ ಮತ್ತೆ ಶುರು ಮಾಡು, ಫಾಂಟ್ ಮತ್ತೆ ಆರಿಸು, ಅಂಚು ಮತ್ತೆ ಅಳೆ. ಡ್ರಾಯರ್‌ನಲ್ಲಿ ಒಂದು ಕಾಗದ ಇಟ್ಟುಕೊಂಡು ಅದರಲ್ಲಿದ್ದುದನ್ನು ದಿನಾ ಬೆಳಿಗ್ಗೆ ಒಂದೊಂದಾಗಿ ಮಾಡುತ್ತಿದ್ದೆ.

ಟೈಪ್ ಮಾಡುವುದೂ ಹಿಂಸೆಯಾಯಿತು. ನುಡಿಯಲ್ಲಿ ‘ಕ್ಕ’ ಬರಬೇಕಾದರೆ ಕೆ, ಎಫ್, ಕೆ ಒತ್ತಬೇಕು. ಆ ಒತ್ತಕ್ಷರ ಪರದೆಯ ಮೇಲೆ ಕೂರುವಷ್ಟರಲ್ಲಿ ನನ್ನ ಬೆರಳು ಮುಂದಿನ ಪದದಲ್ಲಿರುತ್ತಿತ್ತು. ತಿದ್ದಲು ಹಿಂದೆ ಹೋದರೆ ಕರ್ಸರ್ ಎಲ್ಲಿದೆ ಎಂದೇ ಗೊತ್ತಾಗುತ್ತಿರಲಿಲ್ಲ. ಇಂಗ್ಲಿಷ್‌ನಲ್ಲಿ ಎರಡು ಸಾಲಿನ ಮೇಲ್ ಬರೆಯುವ ಮ್ಯಾನೇಜರಿಗೆ ಇದು ಕಾಣಲೇ ಇಲ್ಲ.

ಹೇಳಿದೆ. ಮತ್ತೆ ಹೇಳಿದೆ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ, ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ’ ಎಂದರು. ಆ ವರ್ಷದ ಅಪ್ರೈಸಲ್‌ನಲ್ಲಿ ‘ಹೊಸ ತಂತ್ರಜ್ಞಾನಕ್ಕೆ ಹೊಂದಿಕೊಳ್ಳುವುದಿಲ್ಲ’ ಎಂದು ಬರೆದರು. ಟೈಪ್‌ರೈಟರಿನಲ್ಲಿ ಕಲಿತು, ಕಂಪ್ಯೂಟರಿಗೆ ಬಂದು, ಯೂನಿಕೋಡ್ ಕಲಿತವಳು ನಾನು. ಆ ವಾಕ್ಯ ಇವತ್ತಿಗೂ ಚುಚ್ಚುತ್ತದೆ.

ಕೊನೆಗೆ ಹೊಸದಾಗಿ ಸೇರಿದ ಹುಡುಗನೊಬ್ಬ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ನಾನು ಕೆಲಸ ಮಾಡುವುದನ್ನು ನೋಡಿದ. ನಮಗೆ ಕೊಟ್ಟದ್ದು ನಾನ್ ಪರ್ಸಿಸ್ಟೆಂಟ್ ಡೆಸ್ಕ್‌ಟಾಪ್, ಪ್ರತಿಸಲ ಹೊಸದಾಗಿ ಹುಟ್ಟುವಂಥದ್ದು, ಆದರೆ ಬಳಕೆದಾರರ ಪ್ರೊಫೈಲನ್ನು, ಅಂದರೆ ಅವರವರು ಮಾಡಿಕೊಂಡ ಸೆಟ್ಟಿಂಗುಗಳನ್ನು, ಪ್ರತ್ಯೇಕವಾಗಿ ಉಳಿಸುವ ಏರ್ಪಾಡು ಯಾರೂ ಮಾಡಿಲ್ಲ ಎಂದ. ಎಫ್‌ಎಸ್‌ಲಾಜಿಕ್ಸ್ ಎಂಬುದನ್ನು ಹಾಕಿದ. ಅದು ನನ್ನ ಪ್ರೊಫೈಲನ್ನೆಲ್ಲ ಒಂದು ಡಿಸ್ಕ್ ಫೈಲಿನಲ್ಲಿಟ್ಟು, ಲಾಗಿನ್ ಆದಾಗ ತಂದು ಜೋಡಿಸುತ್ತದೆ. ಮರುದಿನ ಬೆಳಿಗ್ಗೆ ನನ್ನ ಪದಗಳೆಲ್ಲ ಅಲ್ಲೇ ಇದ್ದವು. ಅಷ್ಟು ಕಾಲ ನಾನು ಅನುಭವಿಸಿದ್ದಕ್ಕೆ ಪರಿಹಾರ ಅಷ್ಟು ಹತ್ತಿರದಲ್ಲಿತ್ತು ಎಂದು ತಿಳಿದು ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಸ್ವಾಮಿ, ನಿಮ್ಮಲ್ಲೂ ಕನ್ನಡದಲ್ಲೋ ಮರಾಠಿಯಲ್ಲೋ ಟೈಪ್ ಮಾಡುವವರು ಒಬ್ಬರಾದರೂ ಇರುತ್ತಾರೆ. ದಯವಿಟ್ಟು ಅವರಿಂದಲೇ ಪರೀಕ್ಷೆ ಶುರು ಮಾಡಿ.

*ಪ್ರೊಫೈಲ್ ಉಳಿಸುವ ವಿಚಾರ ಇನ್ನೂ ಮೂವರು ಬರೆದಿದ್ದಾರೆ. ಕೊಟೇಶನ್‌ನಲ್ಲಿ ಅದು ಇದೆಯೇ ಎಂದು ಬೆಳಗಾವಿಯ ಓದುಗರು ನೋಡಿಕೊಳ್ಳುವುದು ಒಳ್ಳೆಯದು.*

ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ

ಅಕ್ಷರ ತಡವಾಗಿ ಬೀಳುವುದಕ್ಕೆ ಇಂಟರ್ನೆಟ್ ವೇಗ ಸಾಲದು ಎಂದು ಎಲ್ಲರೂ ಹೇಳುತ್ತಾರೆ. ಅನೇಕ ಸಲ ಕಾರಣ ವೇಗವಲ್ಲ, ದೂರ. ನಮ್ಮ ತಂಡದ ಬೆಂಗಳೂರಿನ ಗೆಳೆಯರು ಇಲ್ಲಿ ಜರ್ಮನಿಯಲ್ಲಿರುವ ಸರ್ವರ್‌ನ ಡೆಸ್ಕ್‌ಟಾಪ್‌ನಲ್ಲಿ ಕೆಲಸ ಮಾಡುತ್ತಾರೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಲ್ಲಿ ಒತ್ತಿದ ಕೀಲಿ ಇಲ್ಲಿಗೆ ಬಂದು, ಚಿತ್ರವಾಗಿ ವಾಪಸ್ ಹೋಗುವ ಹೊತ್ತನ್ನು ಎಷ್ಟು ದುಡ್ಡು ಕೊಟ್ಟರೂ ಒಂದು ಮಿತಿಗಿಂತ ಇಳಿಸಲಾಗದು. ಹೋಗಿ ಬರುವ ಹೊತ್ತು 150 ಮಿಲಿಸೆಕೆಂಡ್ ದಾಟಿದರೆ ಬೆರಳಿಗೇ ಗೊತ್ತಾಗುತ್ತದೆ. ನೀವು ಕ್ಲೌಡ್ ಡೆಸ್ಕ್‌ಟಾಪ್ ಯೋಚಿಸಿದರೆ ಅದು ಯಾವ ಊರಿನ ಡೇಟಾ ಸೆಂಟರ್‌ನಲ್ಲಿ ಕೂರುತ್ತದೆ ಎಂದು ಮೊದಲು ಕೇಳಿ. ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆ ಅಜೂರ್ ಪುಣೆಯಲ್ಲಿದೆ, ಅಮೆಜಾನ್ ಮುಂಬೈಯಲ್ಲಿದೆ, ಬೆಳಗಾವಿಗೆ ಎರಡೂ ಹತ್ತಿರ.

ಶಿರಸಿಯಿಂದ

ಪುಣೆ ಹತ್ತಿರವೇ ಸರಿ, ಲೈನ್ ಇದ್ದರೆ. ನಮ್ಮಲ್ಲಿ ಆಷಾಢದ ಗಾಳಿಗೆ ಮರ ಬಿದ್ದರೆ ಕರೆಂಟೂ ಇಲ್ಲ, ಕೇಬಲ್ಲೂ ಇಲ್ಲ. ಮೊದಲಾದರೆ ಯುಪಿಎಸ್ ಮೇಲೆ ಕಂಪ್ಯೂಟರ್ ಹಾಕಿ ರಸೀದಿ ಬರೆಯುತ್ತಿದ್ದೆವು. ನಮ್ಮ ಶಾಖೆಗೂ ಬರೀ ಪರದೆ ಪೆಟ್ಟಿಗೆ ಕೊಟ್ಟ ಮೇಲೆ ಲೈನ್ ಹೋದರೆ ಬಾಗಿಲು ಹಾಕಿದ ಹಾಗೇ. ನಿಮ್ಮ ಮಾರಾಟದವರು ಊರೂರು ತಿರುಗುವವರು ಎಂದಿದ್ದೀರಿ. ಘಟ್ಟದ ಮೇಲೆ, ಸಿಗ್ನಲ್ ಇಲ್ಲದ ಕಡೆ ರೈತನ ಮುಂದೆ ಕೂತು ಪಂಪಿನ ದರ ಹೇಳಬೇಕಾದವನಿಗೆ ವರ್ಚುವಲ್ ಡೆಸ್ಕ್‌ಟಾಪ್ ಏನು ಪ್ರಯೋಜನ? ಲ್ಯಾಪ್‌ಟಾಪ್ ಕೊಡಿ, ಡಿಸ್ಕನ್ನು ಬಿಟ್‌ಲಾಕರ್‌ನಿಂದ ಬೀಗ ಹಾಕಿ ಕೊಡಿ. ದರಪಟ್ಟಿ ಅದರೊಳಗೇ ಇರಲಿ.

*ಲೈಸೆನ್ಸ್ ಬಗ್ಗೆ ಒಂದೇ ಪತ್ರ ಬಂತು. ಹೆಚ್ಚು ಓದುಗರು ಇದನ್ನು ಮರೆತಿದ್ದು ಆಶ್ಚರ್ಯ.*

ಹುಬ್ಬಳ್ಳಿಯಿಂದ, ಲೆಕ್ಕ ಪರಿಶೋಧಕರ ಕಚೇರಿ

ಸರ್ವರ್‌ನ ಬೆಲೆ ಎಲ್ಲರೂ ನೋಡುತ್ತಾರೆ, ಪ್ರತಿ ತಲೆಯ ಲೈಸೆನ್ಸ್ ಆಮೇಲೆ ನೆನಪಾಗುತ್ತದೆ. ರಿಮೋಟ್ ಡೆಸ್ಕ್‌ಟಾಪ್ ಲೈಸೆನ್ಸ್ ಎರಡು ಬಗೆ: ವ್ಯಕ್ತಿಗೆ ಒಂದು, ಇಲ್ಲವೇ ಸಾಧನಕ್ಕೆ ಒಂದು. ಮೂರು ಪಾಳಿಯವರು ಒಂದೇ ಕಂಪ್ಯೂಟರ್ ಬಳಸುವ ಶಾಪ್ ಫ್ಲೋರ್‌ಗೆ ಸಾಧನದ ಲೆಕ್ಕದಲ್ಲಿ ಕೊಂಡರೆ ಒಂದು ಸಾಕು, ವ್ಯಕ್ತಿ ಲೆಕ್ಕದಲ್ಲಾದರೆ ಮೂರು. ಆಫೀಸಲ್ಲೊಂದು, ಮನೆಯಲ್ಲೊಂದು, ಕೈಯಲ್ಲೊಂದು ಸಾಧನ ಇಟ್ಟುಕೊಂಡವರಿಗೆ ವ್ಯಕ್ತಿಯ ಲೆಕ್ಕವೇ ಲಾಭ. ಇನ್ನು ವಿಡಿಐಯಲ್ಲಿ ವಿಂಡೋಸ್ 11 ಓಡಿಸುವ ಹಕ್ಕು ಬೇರೆ. ಕಂಪ್ಯೂಟರ್ ಜತೆ ಬಂದ ಓಇಎಂ ಲೈಸೆನ್ಸ್ ಅದಕ್ಕೆ ನಡೆಯುವುದಿಲ್ಲ. ಇದನ್ನು ಲಿಖಿತವಾಗಿ ಕೇಳಿ ಪಡೆಯಿರಿ.

ಹಾವೇರಿ ಜಿಲ್ಲೆಯಿಂದ, ಸರ್ಕಾರಿ ಪ್ರೌಢಶಾಲೆ ಶಿಕ್ಷಕಿ

ನನಗೆ ವಿಡಿಐ ಗೊತ್ತಿಲ್ಲ. ಆ ಹಳೆಯ ಕಂಪ್ಯೂಟರುಗಳನ್ನು ಏನು ಮಾಡುತ್ತೀರಿ? ಗುಜರಿಗೆ ಹಾಕಬೇಡಿ. ಲಿನಕ್ಸ್ ಹಾಕಿಕೊಟ್ಟರೆ ನಮ್ಮಂಥ ಶಾಲೆಯಲ್ಲಿ ಮಕ್ಕಳು ಇನ್ನೂ ಹಲವು ವರ್ಷ ಕಲಿಯುತ್ತಾರೆ. ಡಿಸ್ಕ್ ಪೂರ್ತಿ ಅಳಿಸಿ ಕೊಡಿ ಎಂದಷ್ಟೇ ಕೇಳುತ್ತೇನೆ.

*ಈ ಪತ್ರ ನೋಡಿ ಬೆಂಗಳೂರಿನ ಎಂಜಿನಿಯರ್ ಒಂದು ಮಾತು ಸೇರಿಸಿದ್ದಾರೆ: ಇದೇ ಯಂತ್ರಗಳಿಗೆ ಲಿನಕ್ಸ್ ಆಧಾರಿತ ಥಿನ್ ಕ್ಲೈಂಟ್ (ಸರ್ವರ್‌ನ ಡೆಸ್ಕ್‌ಟಾಪನ್ನು ತೋರಿಸುವ ಕೆಲಸವಷ್ಟೇ ಮಾಡುವ) ತಂತ್ರಾಂಶ ಹಾಕಿ ಲೆಕ್ಕಪತ್ರ ವಿಭಾಗದಲ್ಲೇ ಉಳಿಸಿಕೊಳ್ಳಬಹುದು, ಹೊಸ ಪೆಟ್ಟಿಗೆ ಕೊಳ್ಳಬೇಕಿಲ್ಲ. ಮಿಕ್ಕವು ಶಾಲೆಗೆ ಹೋಗಲಿ.*

ಪೀಣ್ಯದಿಂದ, ಪಾಳಿ ಮೇಲ್ವಿಚಾರಕರು

ಎಲ್ಲರೂ ವಿಡಿಐ ಬಯ್ಯುತ್ತಾರೆ ಎಂದು ಊಹಿಸಿ ಬರೆಯುತ್ತಿದ್ದೇನೆ. ನಮಗೆ ಅದರಿಂದ ತುಂಬಾ ಉಪಕಾರವಾಗಿದೆ. ಎರಕದ ಧೂಳು, ಕೂಲೆಂಟ್ ಹನಿ ಫ್ಯಾನ್ ಒಳಗೆ ಹೋಗಿ ಕಂಪ್ಯೂಟರ್ ಕೆಡುವುದು ಮಾಮೂಲಾಗಿತ್ತು. ಈಗ ಫ್ಯಾನ್ ಇಲ್ಲದ ಥಿನ್ ಕ್ಲೈಂಟ್, ಕೆಟ್ಟರೆ ಇನ್ನೊಂದು ಸಿಕ್ಕಿಸಿ ಮುಂದುವರಿಯುತ್ತೇವೆ. ಇನ್‌ಸ್ಪೆಕ್ಷನ್ ಶೀಟ್ ಅರ್ಧ ತುಂಬಿಸಿ ಇನ್ನೊಂದು ಮಶೀನ್ ಹತ್ತಿರ ಹೋದರೆ ಅದೇ ಸೆಷನ್ ಅಲ್ಲಿ ತೆರೆದುಕೊಳ್ಳುತ್ತದೆ. ಒಂದೇ ತೊಂದರೆ, ಎಣ್ಣೆ ಕೈಯಲ್ಲಿ ಉದ್ದ ಪಾಸ್‌ವರ್ಡ್ ಹೊಡೆಯುವುದು. ಗುರುತಿನ ಕಾರ್ಡ್ ತಾಗಿಸಿದರೆ ಲಾಗಿನ್ ಆಗುವ ರೀಡರನ್ನು ಮೊದಲ ಕೊಟೇಶನ್‌ನಲ್ಲೇ ಸೇರಿಸಿ. ಆಮೇಲೆ ಕೇಳಿದರೆ ಯಾರೂ ಕೊಡಿಸುವುದಿಲ್ಲ.

*ಪತ್ರಗಳನ್ನೆಲ್ಲ ಬೆಳಗಾವಿಗೆ ಪೂರ್ಣವಾಗಿ ಕಳುಹಿಸಿದ್ದೇವೆ. ಮಾಲೀಕರು ಒಪ್ಪಿದರೆ ಲೆಕ್ಕಪತ್ರ, ಡಿಸೈನ್, ಮಾರಾಟ, ಶಾಪ್ ಫ್ಲೋರ್ ಒಂದೊಂದರಿಂದ ಒಬ್ಬರನ್ನು ಕೂರಿಸಿ, ತಿಂಗಳ ಕೊನೆಯ ಲೆಕ್ಕ ಮುಗಿಯುವವರೆಗೆ ಪರೀಕ್ಷೆ ನಡೆಸುವುದಾಗಿ ಅವರು ತಿಳಿಸಿದ್ದಾರೆ. ಸರ್ವರ್‌ನ ಆರ್ಡರ್ ಅಲ್ಲಿಯವರೆಗೆ ತಡೆದಿದ್ದಾರೆ.*