ಚೆಕ್‌ಲಿಸ್ಟ್ ಪೂರ್ತಿ ಟಿಕ್, ರೋಗಿಯ ಸ್ಯಾಚುರೇಶನ್ 78: ಓಸ್ಕಿ ಸ್ಟೇಷನ್ ಸರಿಪಡಿಸುವುದು ಹೇಗೆ?

ಐಸಿಯು_ಬೋಧಕಿ:
ಕ್ರಿಟಿಕಲ್ ಕೇರ್ ಎಂಎಸ್ಸಿ ನರ್ಸಿಂಗ್ ವಿದ್ಯಾರ್ಥಿಗಳಿಗೆ 10 ಸ್ಟೇಷನ್‌ಗಳ ಓಸ್ಕಿ (ಒಂದೊಂದು ಸ್ಟೇಷನ್‌ನಲ್ಲೂ ಒಂದು ಕೆಲಸ ಮಾಡಿ ತೋರಿಸುವ ಪರೀಕ್ಷೆ), ಒಂದೊಂದಕ್ಕೆ 8 ನಿಮಿಷ. ಒಂದರಲ್ಲಿ ವೆಂಟಿಲೇಟರ್ ಮೇಲಿರುವ ರೋಗಿಯ ಸ್ಯಾಚುರೇಶನ್ (ರಕ್ತದ ಆಮ್ಲಜನಕದ ಶೇಕಡಾ ಮಟ್ಟ) ದಿಢೀರನೆ ಇಳಿಯುತ್ತದೆ. ಚೆಕ್‌ಲಿಸ್ಟ್‌ನಲ್ಲಿ 24 ಅಂಶ, ತಲಾ 1 ಅಂಕ. ಕೈ ತೊಳೆದು, ಐಡಿ ಬ್ಯಾಂಡ್ ನೋಡಿ, ಸಕ್ಷನ್ ಮಾಡಿ, ಟ್ಯೂಬಿಂಗ್ ಪರೀಕ್ಷಿಸಿ ಪಟ್ಟಿ ಮುಗಿಸಿದವರಿಗೆ 20 ಬರುತ್ತದೆ. ಮೊದಲೇ ವೆಂಟಿಲೇಟರ್ ಬಿಡಿಸಿ ಬ್ಯಾಗಿಂಗ್ (ಕೈಯಿಂದ ಬ್ಯಾಗ್ ಒತ್ತಿ ಉಸಿರು ಕೊಡುವುದು) ಶುರುಮಾಡಿದವರಿಗೆ 14. ಇದನ್ನು ಹೇಗೆ ತಿದ್ದುವುದು? ಇನ್ನೊಂದು: ಲಾಗ್‌ಬುಕ್‌ಗೆ ಸಹಿ ಹಾಕುವ ಮುನ್ನ ವಿದ್ಯಾರ್ಥಿ ಕೆಲಸ ಮಾಡುವುದನ್ನು ವಾರ್ಡಿನಲ್ಲಿ ಎಷ್ಟು ಸಲ ನೋಡಿರಬೇಕು?

ಸಿಮ್_ಲ್ಯಾಬ್:
ಮೇಡಂ, ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಓಸ್ಕಿ ತಂದದ್ದು ಪರೀಕ್ಷಕರ ಮರ್ಜಿ ತಗ್ಗಿಸಲು. ಮರ್ಜಿ ಎದ್ದುಹೋದ ಜಾಗದಲ್ಲಿ ಈಗ ಟಿಕ್ ಬಂದು ಕೂತಿದೆ. ಅನುಭವಿಗಳು ಹೆಜ್ಜೆ ಹಾರಿಸುತ್ತಾರೆ. ಉದ್ದನೆಯ ಪಟ್ಟಿ ಅದಕ್ಕೇ ಅಂಕ ಕಳೆಯುತ್ತದೆ.

ಪಟ್ಟಿಯನ್ನು 10–12 ಅಂಶಕ್ಕೆ ಇಳಿಸಿ, ತೂಕ ಕೊಟ್ಟು ಒಟ್ಟು 20 ಅಂಕ ಮಾಡಿ. ಕೈ ತೊಳೆಯುವುದಕ್ಕೆ ಹತ್ತೂ ಸ್ಟೇಷನ್‌ಗಳಲ್ಲಿ ಅಂಕ ಬೇಡ, ಒಂದೆರಡರಲ್ಲಿ ಸಾಕು. ಸನ್ನಿವೇಶಕ್ಕೂ ಜೀವ ಬರಲಿ: 60 ಸೆಕೆಂಡಿನೊಳಗೆ ಬ್ಯಾಗಿಂಗ್ ಆಗದಿದ್ದರೆ ಸ್ಯಾಚುರೇಶನ್ ಇನ್ನೂ ಕುಸಿಯಬೇಕು. ಬ್ಯಾಗ್ ಒತ್ತುವಾಗ ಬಿಗಿ, ಎಡಗಡೆ ಉಸಿರಿನ ಸದ್ದಿಲ್ಲ, ಬಿಪಿ ಇಳಿಕೆ ಕೊಟ್ಟರೆ ಟೆನ್ಷನ್ ನ್ಯೂಮೋಥೊರಾಕ್ಸ್ (ಎದೆಗೂಡಿನಲ್ಲಿ ಗಾಳಿ ತುಂಬಿ ಶ್ವಾಸಕೋಶ, ಹೃದಯವನ್ನು ಒತ್ತುವುದು) ಎಂದು ಗುರುತಿಸಿ ನೆರವು ಕರೆಯಲೇಬೇಕಾಗುತ್ತದೆ. ಟ್ಯೂಬ್ ಜರುಗಿದೆಯೇ, ಕಟ್ಟಿದೆಯೇ, ನ್ಯೂಮೋಥೊರಾಕ್ಸ್ ಇದೆಯೇ, ಉಪಕರಣ ಕೆಟ್ಟಿದೆಯೇ ಎಂದು ಬಾಯಿಪಾಠ ಒಪ್ಪಿಸಿದರೆ ಆಗ ನಡೆಯುವುದಿಲ್ಲ. ಕೊನೆಯ ಒಂದು ನಿಮಿಷ ‘ಇದನ್ನೇ ಮೊದಲು ಮಾಡಿದ್ದೇಕೆ?’ ಎಂದು ಕೇಳಿ.

ಅಂಕಪಟ್ಟಿ:
ಜೊತೆಗೆ ಗ್ಲೋಬಲ್ ರೇಟಿಂಗ್ (ಒಟ್ಟಾರೆ ಹೇಗೆ ಮಾಡಿದರು ಎಂಬ ತೀರ್ಮಾನ) ಬೇಕೇ ಬೇಕು: 1 ಫೇಲ್, 2 ಬಾರ್ಡರ್‌ಲೈನ್, 3 ಪಾಸ್, 4 ಉತ್ತಮ, 5 ಅತ್ಯುತ್ತಮ. ಪರೀಕ್ಷಕರು ಟಿಕ್‌ಗಳನ್ನು ಕೂಡಿಸದೆ ಇದನ್ನು ಕೊಡಬೇಕು. ಪಾಸ್ ಅಂಕವನ್ನು ಕಣ್ಣುಮುಚ್ಚಿ ಶೇ. 50 ಎಂದು ಇಡುವ ಬದಲು ಬಾರ್ಡರ್‌ಲೈನ್ ರಿಗ್ರೆಷನ್ ಬಳಸಿ. ಎಲ್ಲರ ಚೆಕ್‌ಲಿಸ್ಟ್ ಅಂಕವನ್ನು ರೇಟಿಂಗ್ ಎದುರು ಇಟ್ಟು ಎಕ್ಸೆಲ್‌ನಲ್ಲಿ ಗೆರೆ ಎಳೆಯಿರಿ. ಉದಾಹರಣೆಗೆ ಗೆರೆ ‘5 + 3 × ರೇಟಿಂಗ್’ ಎಂದು ಬಂದರೆ ಬಾರ್ಡರ್‌ಲೈನ್‌ಗೆ 5 + 6 = 11; ಆ ಸ್ಟೇಷನ್‌ನ ಪಾಸ್ ಅಂಕ 20ಕ್ಕೆ 11. ಆರ್-ಸ್ಕ್ವೇರ್ (ಅಂಕಗಳು ಗೆರೆಗೆ ಎಷ್ಟು ಹೊಂದುತ್ತವೆ ಎಂಬ ಅಳತೆ) 0.5ಕ್ಕಿಂತ ತೀರಾ ಕಡಿಮೆ ಬಂದರೆ ಪಟ್ಟಿಯೂ ಪರೀಕ್ಷಕರ ತೀರ್ಮಾನವೂ ಬೇರೆ ಬೇರೆ ದಿಕ್ಕು ಹಿಡಿದಿವೆ ಎಂದರ್ಥ. ನಿಮ್ಮ 24 ಅಂಶದ ಪಟ್ಟಿಯನ್ನು ಹೀಗೆ ಹಾಕಿ ನೋಡಿ, ಅಲ್ಲೇ ಸಿಕ್ಕಿಬೀಳುತ್ತದೆ. ಹದಿನೈದು-ಇಪ್ಪತ್ತು ಜನರ ಬ್ಯಾಚಾದರೆ ಒಬ್ಬಿಬ್ಬರಿಂದಲೇ ಗೆರೆ ವಾಲುತ್ತದೆ. ಆಗ ಆಂಗಾಫ್ ವಿಧಾನವೇ (ಬಾರ್ಡರ್‌ಲೈನ್ ವಿದ್ಯಾರ್ಥಿ ಪ್ರತಿ ಅಂಶದಲ್ಲಿ ಎಷ್ಟು ಗಳಿಸಬಹುದೆಂದು ತಜ್ಞರು ಅಂದಾಜಿಸಿ ಪಾಸ್ ಅಂಕ ಇಡುವುದು) ವಾಸಿ.

‘ಕ್ರಿಟಿಕಲ್’ ಅಂಶಗಳು, ಅಂದರೆ ತಪ್ಪಿದರೆ ನೇರ ಫೇಲ್ ಆಗುವಂಥವು, ಒಂದೆರಡು ಮೀರದಿರಲಿ. ಎಂಟು ಹಾಕಿದರೆ ಒಳ್ಳೆಯವರೂ ಉದುರುತ್ತಾರೆ.

ವಾರ್ಡ್_ಪ್ರಿಸೆಪ್ಟರ್:
ಎರಡನೆಯ ಪ್ರಶ್ನೆಗೆ. ಸಾಮರ್ಥ್ಯವನ್ನು ನಾಲ್ಕು ಮೆಟ್ಟಿಲಾಗಿ ನೋಡುವ, ಮಿಲ್ಲರ್ 1990ರಲ್ಲಿ ಕೊಟ್ಟ ಪಿರಮಿಡ್‌ನಲ್ಲಿ ಓಸ್ಕಿ ಮೂರನೆಯ ಮೆಟ್ಟಿಲು, ‘ಮಾಡಿ ತೋರಿಸುತ್ತಾರೆ’. ಸಹಿ ಬೀಳುವುದು ನಾಲ್ಕನೆಯದಕ್ಕೆ, ‘ದಿನವೂ ಮಾಡುತ್ತಾರೆ’. ಹಾಗಾಗಿ ಲಾಗ್‌ಬುಕ್‌ನಲ್ಲಿ ‘ಸಂವಹನ: ಕಾಂಪಿಟೆಂಟ್’ ಎಂಬ ಸಾಲುಗಳನ್ನು ತೆಗೆದು ನಂಬಿ ಒಪ್ಪಿಸಬಹುದಾದ ಕೆಲಸವನ್ನೇ ಬರೆಯಿರಿ: ‘ಸೆಪ್ಸಿಸ್ (ಸೋಂಕಿನಿಂದ ಅಂಗಾಂಗ ಕೆಡುವ ಸ್ಥಿತಿ) ಶಂಕೆಯ ರೋಗಿಯ ಮೊದಲ ಒಂದು ಗಂಟೆ’. ಲ್ಯಾಕ್ಟೇಟ್ ನೋಡುವುದು, ಆಂಟಿಬಯೋಟಿಕ್‌ಗೆ ಮುಂಚೆ ಬ್ಲಡ್ ಕಲ್ಚರ್, ಬಿಪಿ ಬಿದ್ದಿದ್ದರೆ ಫ್ಲೂಯಿಡ್ ಶುರು, ಎಂಎಪಿ (ಸರಾಸರಿ ರಕ್ತದೊತ್ತಡ) 65ರ ಗುರಿ, ಯಾವಾಗ ವೈದ್ಯರನ್ನು ಎಬ್ಬಿಸಬೇಕೆಂಬ ವಿವೇಚನೆ, ಎಲ್ಲ ಅದರೊಳಗೇ ಬರುತ್ತದೆ. ಮಟ್ಟಗಳು ಐದು: ನೋಡುವುದು ಮಾತ್ರ, ಪಕ್ಕದಲ್ಲೇ ಮೇಲ್ವಿಚಾರಣೆ, ಕರೆದರೆ ಬರುವಷ್ಟು ದೂರದಲ್ಲಿ, ಸ್ವತಂತ್ರವಾಗಿ, ಇತರರಿಗೆ ಕಲಿಸುವುದು.

ಎಷ್ಟು ಸಲ ಎಂದರೆ, ಮಿನಿ-ಸಿಇಎಕ್ಸ್ (ನಿಜ ರೋಗಿಯೊಡನೆ ಕೆಲಸ ಮಾಡುವುದನ್ನು ಸ್ವಲ್ಪ ಹೊತ್ತು ನೋಡಿ ಅಳೆಯುವುದು) ಥರದ್ದು ಎಂಟರಿಂದ ಹತ್ತು, ಕನಿಷ್ಠ ಮೂವರು ಬೇರೆ ಬೇರೆ ಅಸೆಸರ್‌ಗಳಿಂದ, ಬೇರೆ ಬೇರೆ ಕೇಸ್‌ಗಳಲ್ಲಿ. ಒಬ್ಬರೇ ಹತ್ತು ಸಲ ನೋಡಿದರೆ ಆ ಒಬ್ಬರ ಧಾರಾಳತನವನ್ನು ಹತ್ತು ಸಲ ಅಳೆದಂತೆ. ಪೋಸ್ಟಿಂಗ್ ಮುಗಿಯುವ ದಿನ ಎಲ್ಲಕ್ಕೂ ಒಟ್ಟಿಗೆ ಸಹಿ ಹಾಕಿದ ಲಾಗ್‌ಬುಕ್ಕನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಐಸಿಯು_ಬೋಧಕಿ:
ಫೇಲಾದವರಿಗೆ ಅದೇ ಸ್ಟೇಷನ್ ಮತ್ತೆ ಕೊಡಬಹುದೇ?

ಸಿಮ್_ಲ್ಯಾಬ್:
ಬೇಡ, ಉತ್ತರ ಗೊತ್ತಾಗಿರುತ್ತದೆ. ಎಡವಿದ್ದು ತಿಳಿವಳಿಕೆಯಲ್ಲೋ, ಆದ್ಯತೆ ನಿರ್ಧಾರದಲ್ಲೋ, ಕೈಚಳಕದಲ್ಲೋ ಎಂದು ಮೊದಲು ಬೇರ್ಪಡಿಸಿ. ನಿಮ್ಮ ಕೇಸ್‌ನಲ್ಲಿ ಆದ್ಯತೆಯದೇ ತೊಂದರೆಯಾದರೆ ಮರುಪರೀಕ್ಷೆಗೆ ಟ್ಯೂಬ್ ಬಲಗಡೆ ಬ್ರಾಂಕಸ್‌ಗೆ ಜಾರಿದ ಕೇಸ್ ಕೊಡಿ. ಅಲ್ಲೂ ಎಡಗಡೆ ಸದ್ದು ಇರುವುದಿಲ್ಲ, ಆದರೆ ಬಿಪಿ ಸರಿಯಿರುತ್ತದೆ. ತುಟಿಯ ಹತ್ತಿರದ ಸೆಂಟಿಮೀಟರ್ ಗುರುತು ನೋಡಿದವರಿಗಷ್ಟೇ ಗೊತ್ತಾಗುತ್ತದೆ.